ಸರ್ಕಾರಿ ಅಡುಗೆಮನೆಗಳಿಗೆ ಮಲೆನಾಡಿನ ತರಕಾರಿ ಕೊಳ್ಳಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಗೌರವಪೂರ್ವಕ ನಮಸ್ಕಾರಗಳು. ನಾನು ಹೊಸನಗರ ತಾಲ್ಲೂಕಿನ ರೈತ. ಎರಡು ಎಕರೆ ಗದ್ದೆ, ಒಂದು ಎಕರೆ ಅಡಿಕೆ ತೋಟ ನಮ್ಮ ಕುಟುಂಬಕ್ಕೆ ಆಧಾರ. ಮಳೆಗಾಲದಲ್ಲಿ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೊಗೆಕಾಯಿ, ಬೆಂಡೆ, ಹೀರೆ, ಅಲಸಂದೆ ಹಾಕುತ್ತೇವೆ.

ಕಳೆದ ಬೇಸಿಗೆಯ ಆರಂಭದಲ್ಲಿ ಮಗಳನ್ನು ನೋಡಲು ಅವಳಿರುವ ವಿದ್ಯಾರ್ಥಿನಿಲಯಕ್ಕೆ ಹೋದಾಗ ಹಿತ್ತಿಲ ಬಾಗಿಲಲ್ಲಿ ತರಕಾರಿ ಇಳಿಸುತ್ತಿದ್ದರು. ಬಾಡಿದ ಎಲೆಕೋಸು, ಮೊಳಕೆ ಬಂದ ಆಲೂಗಡ್ಡೆ. ಅದೇ ವಾರ ನಮ್ಮ ಮನೆಯ ಜಗುಲಿಯಲ್ಲಿ ಮೂರು ಕ್ವಿಂಟಾಲ್ ಮೊಗೆಕಾಯಿ ಕೊಳ್ಳುವವರಿಲ್ಲದೆ ಬಿದ್ದಿತ್ತು. ವ್ಯಾಪಾರಿ ಕೇಳಿದ ದರಕ್ಕೆ ಕೊಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲ. ಅಡುಗೆಯವರನ್ನು ವಿಚಾರಿಸಿದೆ. ‘ನೀವು ಕೊಟ್ಟರೆ ಬೇಯಿಸುವುದಕ್ಕೆ ನಮಗೇನು ಅಣ್ಣಾ, ಆದರೆ ಪಟ್ಟಿಯಲ್ಲಿ ಮೊಗೆಕಾಯಿ ಇಲ್ಲ, ಟೆಂಡರ್ ಆದವರೇ ತಂದು ಹಾಕಬೇಕು’ ಎಂದರು.

ಆ ಪಟ್ಟಿಯನ್ನು ಬದಲಿಸಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ. ವಿದ್ಯಾರ್ಥಿನಿಲಯ, ವಸತಿ ಶಾಲೆ, ಆಸ್ಪತ್ರೆ, ಇಂದಿರಾ ಕ್ಯಾಂಟೀನ್ ಹೀಗೆ ಜಿಲ್ಲೆಯಲ್ಲಿ ಸರ್ಕಾರದ ಹಣದಿಂದ ಒಲೆ ಹೊತ್ತಿಸುವ ಅಡುಗೆಮನೆಗಳು ಎಷ್ಟೋ ಇವೆ. ಬಿಸಿಯೂಟದ ಅಕ್ಕಿ ಭಾರತೀಯ ಆಹಾರ ನಿಗಮದ ಗೋದಾಮಿನಿಂದ ಬರುವುದು, ಅದನ್ನು ಜಿಲ್ಲಾ ಮಟ್ಟದಲ್ಲಿ ಬದಲಿಸಲಾಗದು ಎಂಬುದು ನನಗೆ ಗೊತ್ತು. ಆದರೆ ತರಕಾರಿಗೆ, ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಬಾಳೆಹಣ್ಣಿಗೆ ಅಂಥ ಕಟ್ಟುಪಾಡಿಲ್ಲ. ಅಡಿಕೆ ಮರಗಳ ನಡುವೆ ಬಾಳೆ ಇಲ್ಲದ ತೋಟ ನಮ್ಮ ಕಡೆ ಅಪರೂಪ.

ವರ್ಷವಿಡೀ ಒಂದೇ ಬಗೆಯ ತರಕಾರಿಯನ್ನು ಒಬ್ಬನೇ ಗುತ್ತಿಗೆದಾರ ಪೂರೈಸಬೇಕೆಂಬ ಷರತ್ತು ಇರುವವರೆಗೆ ಎರಡು ಎಕರೆಯವನು ಆ ಬಾಗಿಲ ಹತ್ತಿರವೂ ಸುಳಿಯಲಾರ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ 1951ರಲ್ಲಿ ಕಾಗೋಡಿನ ರೈತರು ಹೋರಾಡಿದ ಜಿಲ್ಲೆ ಇದು. ಅಳತೆ ತಪ್ಪಿದರೆ ದುಡಿದವನ ಪಾಲು ಏನಾಗುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಟೆಂಡರಿನ ಅಳತೆಯನ್ನೂ ಸಣ್ಣ ಹಿಡುವಳಿಗೆ ಹೊಂದುವಂತೆ ಮಾಡಬಹುದು. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ರಾಜ್ಯ ತಂದಿರುವ 1999ರ ಅಧಿನಿಯಮದ ಕಲಂ 4(ಜಿ) ಅಡಿಯಲ್ಲಿ ನಿರ್ದಿಷ್ಟ ಖರೀದಿಗಳಿಗೆ ವಿನಾಯಿತಿ ನೀಡುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಬ್ರೆಜಿಲ್ ದೇಶವಂತೂ ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳ ಬೆಳೆ ಕೊಳ್ಳಲು ಬಳಸಬೇಕೆಂದು 2009ರಲ್ಲಿ ಕಾನೂನನ್ನೇ ಮಾಡಿತು.

ಮಳೆಗಾಲದಲ್ಲಿ ನಿಮ್ಮಲ್ಲಿ ಏನು ಸಿಗುತ್ತದೆ ಎಂದು ಅಧಿಕಾರಿಗಳು ಕೇಳುವುದು ಸಹಜ. ಮಾನ್ಯರು ಆಷಾಢದಲ್ಲಿ ಒಮ್ಮೆ ನಮ್ಮ ಮನೆಯ ಅಟ್ಟದ ಕೆಳಗೆ ನಿಂತು ನೋಡಬೇಕು. ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಜಂತಿಗೆ ತೂಗುಬಿಟ್ಟ ಮೊಗೆಕಾಯಿಗಳು, ಒಂದಕ್ಕೊಂದು ತಾಗದಂತೆ, ಒಲೆಯ ಬಿಸಿ ಹದವಾಗಿ ಬಡಿಯುವ ಜಾಗದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತವೆ. ನನ್ನ ಅಮ್ಮ ದಿನ ಬಿಟ್ಟು ದಿನ ಅವುಗಳ ತೊಟ್ಟು ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಮೊದಲು ಅಡುಗೆಗೆ ಇಳಿಸುತ್ತಾರೆ. ಸುವರ್ಣಗೆಡ್ಡೆ, ಬಾಳೆಕಾಯಿ, ಬಸಳೆ, ಕೆಸು ಇದ್ದೇ ಇವೆ. ಈರುಳ್ಳಿ, ಆಲೂಗಡ್ಡೆ ಹೊರಗಿನಿಂದಲೇ ಬರಲಿ, ಅದಕ್ಕೆ ನನ್ನ ತಕರಾರಿಲ್ಲ.

ಭತ್ತಕ್ಕೆ ಬೆಂಬಲ ಬೆಲೆಯಾದರೂ ಇದೆ, 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಅಡಿಕೆಗೆ ಮ್ಯಾಮ್ಕೋಸ್‌ನಂಥ ಸಹಕಾರ ಸಂಸ್ಥೆಯ ಆಸರೆ ಇದೆ. ನಮ್ಮ ತರಕಾರಿಗೆ ಎರಡೂ ಇಲ್ಲ. ಹಾಗಾಗಿಯೇ ಗದ್ದೆಗಳಿಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಡುತ್ತಿದ್ದಾರೆ. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದರೆ ಅಂಥ ಮನೆಗಳಲ್ಲಿ ಊಟಕ್ಕೆ ಬೇಕಾದ ಬೆಳೆಯೂ ಇರುವುದಿಲ್ಲ.

ಪ್ರತಿ ತಾಲ್ಲೂಕಿನಲ್ಲಿ ಸ್ತ್ರೀಶಕ್ತಿ ಗುಂಪುಗಳಿಗೆ, ರೈತರ ಸಹಕಾರ ಸಂಘಗಳಿಗೆ ಸಣ್ಣ ಪ್ರಮಾಣದಲ್ಲಿ ತರಕಾರಿ ಪೂರೈಸಲು ಅವಕಾಶ ಕೊಡಿ. ಹದಿನೈದು ದಿನದೊಳಗೆ ಹಣ ಖಾತೆಗೆ ಬರಲಿ; ಬಿಲ್ಲಿಗಾಗಿ ಆರು ತಿಂಗಳು ಅಲೆಯುವ ಶಕ್ತಿ ಗುತ್ತಿಗೆದಾರನಿಗಿರಬಹುದು, ನಮಗಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಟೆಂಡರ್ ಕರೆಯುವ ಮುನ್ನ ತೋಟಗಾರಿಕೆ ಇಲಾಖೆ, ವಿದ್ಯಾರ್ಥಿನಿಲಯಗಳ ಅಧಿಕಾರಿಗಳು ಮತ್ತು ಬೆಳೆಗಾರರನ್ನು ಒಟ್ಟಿಗೆ ಕೂರಿಸಿ ಒಂದು ಸಭೆ ನಡೆಸಿ. ಯಾವ ತಿಂಗಳು ಯಾವ ತರಕಾರಿ ಎಷ್ಟು ಸಿಗುತ್ತದೆಂಬುದನ್ನು ನಮ್ಮೂರಿನ ಮಟ್ಟಿಗೆ ಮನೆಮನೆ ವಿಚಾರಿಸಿ ಬರೆದುಕೊಂಡು ನಾನು ಬರುತ್ತೇನೆ.

ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ರೈತ