ಸಾಲ ಬರುವ ಮೊದಲೇ ಸುಳ್ಳು ಬಂದಿರುತ್ತದೆ

ಸಂಪಾದಕರೇ,

ಆನ್‌ಲೈನ್ ಜೂಜಿನ ಸುದ್ದಿ ಪತ್ರಿಕೆಗೆ ಬರುವುದು ಯಾರಾದರೂ ಪೂರ್ತಿ ಮುಳುಗಿದ ಮೇಲೆ. ನಾನು ಎರಡು ವರ್ಷ ಆಡಿದವನು. ಮುಳುಗುವ ಮೊದಲಿನ ಗುರುತುಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಎಷ್ಟು ಕಳೆದುಕೊಂಡೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಜೂಜಿನ ಚಟ ಇದೆಯಾ ಅಂತ ಮೊದಲು ನೋಡಲು ಇರುವ ಒಂದು ಪುಟ್ಟ ಪರೀಕ್ಷೆಯಲ್ಲಿ ಎರಡೇ ಪ್ರಶ್ನೆ. ಇನ್ನೂ ಜಾಸ್ತಿ ಹಣ ಕಟ್ಟಬೇಕು ಅನಿಸಿದೆಯಾ? ಎಷ್ಟು ಆಡಿದೆ ಅಂತ ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಒಂದಕ್ಕೆ ಹೌದು ಅಂದರೂ ಮುಂದೆ ವಿಚಾರಿಸಬೇಕು. ನಾನು ಬ್ಯಾಂಕಿನ ಮೆಸೇಜು ಬಂದ ಕೂಡಲೇ ಅಳಿಸುತ್ತಿದ್ದೆ, ಫೋನನ್ನು ಬೋರಲು ಹಾಕಿಡುತ್ತಿದ್ದೆ, ಸ್ನಾನಕ್ಕೆ ಹೋದರೂ ಒಯ್ಯುತ್ತಿದ್ದೆ. ಆಗಿನ್ನೂ ಒಂದು ರೂಪಾಯಿ ಸಾಲ ಇರಲಿಲ್ಲ.

ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ಸಂಖ್ಯೆಯ ಮನೆಗೆ ಬೀಳುತ್ತದೆ ಅಂತ ಹಣ ಕಟ್ಟುವ ಆಟ. ಅದರ ಯುರೋಪಿನ ಚಕ್ರದಲ್ಲಿ 37 ಮನೆ, ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಕಟ್ಟಿದ್ದೂ ಸೇರಿ ಕೈಗೆ ಬರುವುದು 36 ಪಟ್ಟು, ಆ ಒಂದರ ವ್ಯತ್ಯಾಸದಲ್ಲೇ ಅವರ ಅಂಗಡಿ ನಡೆಯುವುದು. ಗೊತ್ತಿದ್ದೂ ಹೋದದ್ದನ್ನು ವಾಪಸ್ ತರುತ್ತೇನೆ ಅಂತ ಕೂರುತ್ತಿದ್ದೆ. ಒಮ್ಮೆ ಚೆನ್ನಾಗಿ ಗೆದ್ದೆ. ಹಣ ಖಾತೆಗೆ ಬರಲು ಎರಡು ದಿನ ಅಂದರು, ಜೊತೆಗೇ ಅದನ್ನು ರದ್ದು ಮಾಡಲು ಒಂದು ಬಟನ್. ಅದನ್ನು ಯಾಕೆ ಇಟ್ಟಿದ್ದಾರೆ ಅಂತ ಬೆಳಗಿನ ಜಾವ ಮೂರಕ್ಕೆ ಅರ್ಥವಾಯಿತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮನಸ್ಸು ಗಟ್ಟಿ ಮಾಡ್ಕೋ" ಅನ್ನುವವರಿಗೆ ಒಂದು ಮಾತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತನ್ನ ಕೈಪಿಡಿಯಲ್ಲಿ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಅಧ್ಯಾಯಕ್ಕೇ ಸೇರಿಸಿತು. ಸುಮ್ನೆ ಬುದ್ಧಿ ಹೇಳಿದರೆ ಬಿಡುವುದಲ್ಲ ಇದು.

ಮನೆಯವರು ಮೊದಲ ಸಲ ಸಾಲ ತೀರಿಸಲು ಹಣ ನನ್ನ ಕೈಗೇ ಕೊಟ್ಟರು. ಅದೂ ಆಟಕ್ಕೇ ಹೋಯಿತು, ಇನ್ನೇನು! ಕೊಡುವುದಿದ್ದರೆ ಸಾಲ ಕೊಟ್ಟವರಿಗೇ ನೇರವಾಗಿ ಕೊಡಿ. ಎರಡನೇ ಸಲ ಬ್ಯಾಂಕು, ಕಾರ್ಡು ಎಲ್ಲ ಅಕ್ಕನ ಕೈಗೆ ಒಪ್ಪಿಸಿದೆ. ಮತ್ತೆ ಒಳಗೆ ಬಿಡಬೇಡಿ ಅಂತ ಆಟದ ಕಂಪನಿಗೇ ಬರೆದುಕೊಟ್ಟೆ, ಫೋನಿಗೆ ಇಂಥ ತಾಣಗಳನ್ನು ತಡೆಯುವ ಆ್ಯಪ್ ಹಾಕಿದೆ. ಆಪ್ತ ಸಮಾಲೋಚಕರ ಹತ್ತಿರ ವಾರವಾರ ಹೋದೆ. ಯಾವ ಹೊತ್ತಿನಲ್ಲಿ, ಯಾವ ಬೇಜಾರಿಗೆ ಕೈ ಫೋನಿಗೆ ಹೋಗುತ್ತದೆ ಅನ್ನುವುದು ತಿಳಿದದ್ದು ಅಲ್ಲೇ.

ಮುಂದೆ ಇಂಥ ಸುದ್ದಿ ಹಾಕುವಾಗ ಆ ಎರಡು ಪ್ರಶ್ನೆಗಳನ್ನೂ ಪಕ್ಕದಲ್ಲಿ ಹಾಕಿ, ಜಾಗ ಜಾಸ್ತಿ ಬೇಕಿಲ್ಲ ಅಲ್ವಾ? ನಡುವೆ ಒಮ್ಮೆ ನಾನು ಮತ್ತೆ ಜಾರಿದೆ. ಅವತ್ತು ರಾತ್ರಿಯೇ ಅಕ್ಕನಿಗೆ ಹೇಳಿದೆ. ಬೈದಳು, ಆಮೇಲೆ ಎಷ್ಟು ಹೋಯಿತು ಅಂತ ಬರೆದುಕೊಂಡಳು.

ಇಂತಿ,
ನಿಮ್ಮ ಓದುಗ