ಸತ್ತವನ ಪಕ್ಕ ನಿಲ್ಲಿಸಿ ನೋಡು

ಪ್ರೀತಿಯ ಮಗಳೇ,

ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' ಓದಿ ಮುಗಿಸಿದೆ ಅಂತ ನೀನು ಮೆಸೇಜ್ ಹಾಕಿದ್ದೆ. ಜೊತೆಗೆ ಒಂದು ದೂರು ಬೇರೆ, ನಾರಣಪ್ಪ ಶುರುವಿನಲ್ಲೇ ಸತ್ತುಹೋಗುತ್ತಾನೆ, ಅವನನ್ನು ಸರಿಯಾಗಿ ನೋಡುವುದಕ್ಕೇ ಆಗಲಿಲ್ಲ ಅಂತ. ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಅನಂತಮೂರ್ತಿ ಅವನನ್ನು ಬೇಕಂತಲೇ ಸಾಯಿಸಿದ್ದಾರೆ. ಶಿವಮೊಗ್ಗಕ್ಕೆ ಹೋದ, ಜ್ವರ ಹಿಡಿಸಿಕೊಂಡು ಬಂದ, ಸತ್ತ. ಬ್ರಾಹ್ಮಣನಾಗಿ ಹುಟ್ಟಿ ಆಚಾರವನ್ನೆಲ್ಲ ಮುರಿದವನ ಹೆಣ ಯಾರು ಸುಡಬೇಕು ಅನ್ನುವುದೇ ಪ್ರಶ್ನೆ, ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಹಾಗಾಗಿ ಎಲ್ಲರೂ ಅವನ ಬಗ್ಗೆಯೇ ಮಾತಾಡಬೇಕು ಅಲ್ವಾ? ಸಾಲಿಗ್ರಾಮವನ್ನು ಹೊಳೆಗೆ ಎಸೆದ, ದೇವಸ್ಥಾನದ ಹೊಂಡದಲ್ಲಿ ಮೀನು ಹಿಡಿದ ಅಂತ ಬೈಯುತ್ತಾ ಬೈಯುತ್ತಾ ತಮ್ಮ ಬಣ್ಣವನ್ನೇ ತೋರಿಸಿಕೊಳ್ಳುತ್ತಾರೆ. ಅವನ ಜೊತೆ ಬಾಳುತ್ತಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಎದುರಿಗಿಟ್ಟಿದ್ದೇ ತಡ, ಯಾರಿಗೂ ಬೇಡವಾಗಿದ್ದ ಹೆಣಕ್ಕೆ ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರೂ ನೆಂಟರಾಗಿಬಿಡುತ್ತಾರೆ! ದಾಸಾಚಾರ್ಯನಂತೂ ಹಸಿವು ತಾಳಲಾರದೆ ಪಕ್ಕದ ಊರು ಪಾರಿಜಾತಪುರಕ್ಕೆ ಹೋಗಿ ಕದ್ದು ತಿಂದು ಬರುತ್ತಾನೆ. ಅವನ ಮೇಲೆ ನನಗೆ ಕೋಪ ಬರಲಿಲ್ಲ, ಪಾಪ ಅನ್ನಿಸಿತು.

ಇನ್ನು ಅಗ್ರಹಾರಕ್ಕೆಲ್ಲ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯ. ಕಾಶಿಗೆ ಹೋಗಿ ಓದಿ ಬಂದವರು, ಕಾಯಿಲೆಯ ಹೆಂಡತಿಯ ಸೇವೆಯನ್ನೇ ತಪಸ್ಸು ಮಾಡಿಕೊಂಡವರು. ನಾರಣಪ್ಪ ಇಲ್ಲದಿದ್ದರೆ ಅವರು ಸುಮ್ನೆ ಒಬ್ಬ ಒಳ್ಳೆಯ ಮನುಷ್ಯ ಅಷ್ಟೇ. ಬುದ್ಧಿ ಹೇಳಲು ಹೋದ ಆಚಾರ್ಯರಿಗೆ ಅವನು ತಿರುಗಿ ಹೇಳಿದ್ದು ನೆನಪಿದೆಯಾ? ನೀವು ರಸವತ್ತಾಗಿ ಪುರಾಣ ಹೇಳುತ್ತೀರಿ, ಅದನ್ನು ಕೇಳಿದ ಹುಡುಗ ಮೈ ಬಿಸಿಯಾಗಿ ಹೊಳೆ ಕಡೆ ಹೋಗುತ್ತಾನೆ ಅಂತ. ಆಗ ಅದು ಪುಂಡನ ಮಾತು. ಕಾಡಿನ ಕತ್ತಲಲ್ಲಿ ಆಚಾರ್ಯರು ಚಂದ್ರಿಯ ತೋಳಿಗೆ ಸಿಕ್ಕ ಮೇಲೆ ಅದೇ ಮಾತು ಅವರ ಬೆನ್ನು ಬೀಳುತ್ತದೆ. ಇಬ್ಬರದ್ದೂ ಹಟವೇ, ಆಚಾರ್ಯರದು ಸುಖ ಬಿಡುವ ಹಟ, ಅವನದು ಸುಖ ಹಿಡಿಯುವ ಹಟ. ನಾರಣಪ್ಪನಿಗೂ ಆಚಾರ್ಯರು ಬೇಕಿತ್ತು ನೋಡು. ಅಗ್ರಹಾರವೇ ಇಲ್ಲದ ಕಡೆ ಅವನು ಮೀನು ಹಿಡಿದಿದ್ದರೆ ಯಾರು ಕೇಳುತ್ತಿದ್ದರು?

ಆಮೇಲೆ ಆಚಾರ್ಯರಿಗೆ ದಾರಿಯಲ್ಲಿ ಜೊತೆಯಾಗುವ ಪುಟ್ಟನನ್ನು ನೀನು ತಲೆಹರಟೆ ಅಂದೆ. ನಿಜ. ಆದರೆ ಅಗ್ರಹಾರ ಬಿಟ್ಟ ಆಚಾರ್ಯರ ಪಕ್ಕ ಅಂಥವನೇ ಬೇಕಿತ್ತು. ಅವನು ಒಗಟು ಹೇಳುತ್ತಾ, ಕೋಳಿ ಅಂಕ ನೋಡುತ್ತಾ, ಮೇಳಿಗೆ ಜಾತ್ರೆಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರೆ, ಆಚಾರ್ಯರಿಗೆ ಒಂದೊಂದು ಹೆಜ್ಜೆಗೂ ಯಾರಾದರೂ ಗುರುತು ಹಿಡಿದಾರು ಅನ್ನುವ ಭಯ. ಅವರ ಭಯ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಪುಟ್ಟನ ನಿಶ್ಚಿಂತೆಯಿಂದಲೇ.

ನನ್ನ ತಕರಾರು ಒಂದಿದೆ. ಒಂದು ಕಡೆ ಆಚಾರ್ಯರ ರೋಗಿ ಹೆಂಡತಿ ಭಾಗೀರಥಿ, ಇನ್ನೊಂದು ಕಡೆ ಚೆಲುವೆ ಚಂದ್ರಿ, ಇದು ಸ್ವಲ್ಪ ಜಾಸ್ತಿಯೇ ಲೆಕ್ಕ ಹಾಕಿ ಇಟ್ಟ ಹಾಗಿದೆ. ಇಬ್ಬರೂ ಗಂಡಸರನ್ನು ತೋರಿಸಲಿಕ್ಕೇ ಇದ್ದಾರೆ. ಎಲ್ಲರೂ ಧರ್ಮಶಾಸ್ತ್ರ ಹುಡುಕುತ್ತಿದ್ದಾಗ ರಾತ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತಂದು ಹೆಣ ಸುಡಿಸಿದ್ದು ಚಂದ್ರಿ. ಆಮೇಲೆ ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ, ಕಾದಂಬರಿ ಅವಳ ಹಿಂದೆ ಹೋಗುವುದೇ ಇಲ್ಲ. ಅವಳನ್ನು ಯಾರ ಪಕ್ಕ ನಿಲ್ಲಿಸಿ ನೋಡಬೇಕು, ನೀನೇ ಹೇಳು.

ಅಮ್ಮ