ಲ್ಯಾಬಿನ ಆ ಅಕ್ಕಂಗೆ ಥ್ಯಾಂಕ್ಸ್

ಹೆಸರು ಕೇಳೋಕೂ ಆಗ್ಲಿಲ್ಲ ಅಕ್ಕ, ಅದಕ್ಕೇ ಇಲ್ಲಿ ಬರೀತಿದೀನಿ. ಎಂಟು ತಿಂಗಳಿಂದ ನಮ್ಮಪ್ಪಂಗೆ ಉರಿಮೂತ್ರ, ರಾತ್ರಿ ಹತ್ತು ಸಲ ಏಳೋದು, ಒಂದೊಂದ್ಸಲ ರಕ್ತ ಬೇರೆ, ಹೋದಲ್ಲೆಲ್ಲ ಯೂರಿನ್ ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಟ್ಟು ಕಳ್ಸೋರು, ಎಳನೀರು ಬಾರ್ಲಿ ನೀರು ಎಲ್ಲಾ ಆಯ್ತು. ನೀವು ಹಳೇ ರಿಪೋರ್ಟೆಲ್ಲ ತಿರುವಿ ಹಾಕಿ "ಪಸ್ ಸೆಲ್ಸ್ (ಕೀವಿನ ಕಣ) ಇಷ್ಟೊಂದಿದೆ, ಕಲ್ಚರಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ಮಾತ್ರ ಒಂದ್ಸಲಾನೂ ಏನೂ ಬೆಳೆದಿಲ್ಲ, ಡಾಕ್ಟ್ರ ಹತ್ರ ಟಿಬಿ ಟೆಸ್ಟ್ ಬಗ್ಗೆ ಕೇಳಿ" ಅಂದ್ರಿ. ಕೆಮ್ಮೇ ಇಲ್ದೆ ಟಿಬಿನಾ ಅಂತ ನಕ್ಕಿದ್ದೆ, ಬೇಜಾರು ಮಾಡ್ಕೋಬೇಡಿ. ಟಿಬಿ ಬ್ಯಾಕ್ಟೀರಿಯಾ ಮಾಮೂಲಿ ಕಲ್ಚರಲ್ಲಿ ಬೆಳೆಯೋದೇ ಇಲ್ಲ, ಅದರ ಕಲ್ಚರ್‌ಗೆ ವಾರಗಟ್ಟಲೆ ಕಾಯ್ಬೇಕು ಅಂತ ಆಮೇಲೆ ಗೊತ್ತಾಯ್ತು. 3 ದಿನ ಬೆಳಗಿನ ಮೊದಲ ಮೂತ್ರ ಹಿಡಿಯೋದು ಹೆಂಗೆ ಅಂತ ಅಪ್ಪಂಗೆ ಮುಜುಗರ ಆಗದ ಹಾಗೆ ಹೇಳ್ಕೊಟ್ರಿ. ಸಿಬಿನ್ಯಾಟ್ ಅನ್ನೋ ಟಿಬಿ ಟೆಸ್ಟ್ ಪಾಸಿಟಿವ್ ಬಂತು, ಕಿಡ್ನಿ ಟಿಬಿ. 6 ತಿಂಗಳ ಮಾತ್ರೆ, ಸರ್ಕಾರದಿಂದಾನೇ ಫ್ರೀ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಪ್ಪ ಗಾಬರಿ ಬೀಳ್ಲಿಲ್ಲ, ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಯಿಂದ ಹಂಗಾಗುತ್ತೆ ಅಂತ ನೀವು ಮುಂಚೇನೇ ಹೇಳಿದ್ರಲ್ಲ. ಹೋದ ವಾರ ಕೋರ್ಸ್ ಮುಗೀತು, ಸ್ವೀಟ್ ಬಾಕ್ಸ್ ಹಿಡ್ಕೊಂಡು ಬಂದ್ರೆ ನಿಮಗೆ ಟ್ರಾನ್ಸ್‌ಫರ್ ಆಗಿದೆ ಅಂದ್ರು. ಅಪ್ಪ ಈಗ ರಾತ್ರಿ ಒಂದೇ ಸಲ ಏಳೋದು ಅಕ್ಕ.